ಪಾಟಿಯ ಮೇಲಿನ ಐವತ್ತೆರಡು

ಪ್ರಶಿಕ್ಷಣ ಮುಗಿಸಿ ಚಿಕ್ಕೋಡಿಯ ಸೀಮೆಗೆ ಬರುವ ಹೊಸ ಉಪಾಧ್ಯಾಯನು ಬೋಧನಾಪದ್ಧತಿಯನ್ನೂ ಮನಶ್ಶಾಸ್ತ್ರವನ್ನೂ ಓದಿಯೇ ಬಂದಿರುತ್ತಾನೆ. ಅಥಣಿ, ಕಾಗವಾಡ, ರಾಯಬಾಗಗಳಲ್ಲಿ ಕಬ್ಬು ಕಡಿಯುವ ಕಾಲ ಬಂದರೆ ಹಾಜರಿ ಪುಸ್ತಕವೇಕೆ ಬರಿದಾಗುವುದೆಂಬುದು ಮಾತ್ರ ಆ ಓದಿನಲ್ಲಿರುವುದಿಲ್ಲ. ಅದನ್ನಾದರೂ ಒಂದು ವರ್ಷದಲ್ಲಿ ಕಲಿಯಬಹುದು. ಮನೆಮಾತಿನ ಸಂಗತಿ ಅಷ್ಟು ಸುಲಭವಲ್ಲ.

ತುಂಗಭದ್ರೆಯ ಆಚೆಯಿಂದ ಬಂದ ಅಂತಹ ತರುಣನೊಬ್ಬನು ನಿಪ್ಪಾಣಿಯ ಹತ್ತಿರದ ಹಳ್ಳಿಯೊಂದರ ಕನ್ನಡ ಶಾಲೆಗೆ ಸೇರಿದ್ದನು. ಎರಡನೆಯ ಇಯತ್ತೆಯ ಹುಡುಗನೊಬ್ಬನು ಇಪ್ಪತ್ತೈದು ಬರೆಯೆಂದರೆ ಪಾಟಿಯ ಮೇಲೆ 52 ಎಂದು ಬರೆಯುವನು, ಮೂವತ್ತಾರೆಂದರೆ 63. ತರುಣನು ಕೆಲವು ದಿನ ತಾಳ್ಮೆಯಿಂದ ತಿದ್ದಿದನು, ಆಮೇಲೆ ತಾಳ್ಮೆಗೆಟ್ಟನು. ತಿಂಗಳ ಕಡೆಗೆ ಹುಡುಗನ ಹೆಸರಿನ ಮುಂದೆ 'ಮಂದಬುದ್ಧಿ' ಎಂದು ಬರೆಯಹೊರಟನು.

ನಿವೃತ್ತಿಯ ಅಂಚಿನಲ್ಲಿದ್ದ ಮುಖ್ಯಾಧ್ಯಾಪಕರು ಅದನ್ನು ಕಂಡು, "ಬರೀಬ್ಯಾಡ್ರಿ ಮಾಸ್ತರ. ಅಂವ ಮನ್ಯಾಗ ಹೆಂಗ ಎಣಸತಾನ ಅಂತ ಕೇಳೀರೇನು?" ಎಂದರು.

ಕೇಳಿರಲಿಲ್ಲ. ಕೇಳಿದಾಗ ಹುಡುಗನು ಮರಾಠಿಯಲ್ಲಿ ನೂರರ ವರೆಗೆ ತಡವರಿಸದೆ ಎಣಿಸಿದನು. ಕನ್ನಡದಲ್ಲಿ ಇಪ್ಪತ್ತು ಮೊದಲು, ಐದು ಆಮೇಲೆ. ಅಂಕಿಗಳನ್ನು ಬರೆಯುವುದೂ ಹಾಗೆಯೇ. ಮರಾಠಿಯ 'ಪಂಚವೀಸ'ದಲ್ಲಿ ಐದೇ ಮುಂದೆ. ಹುಡುಗನು ಮನಸ್ಸಿನೊಳಗೆ ಕೇಳಿದ್ದನ್ನು ಕೇಳಿದ ಕ್ರಮದಲ್ಲಿಯೇ ಬರೆಯುತ್ತಿದ್ದನು. ತಿಳಿದುದರಿಂದ ತಿಳಿಯದುದರ ಕಡೆಗೆ ಸಾಗಬೇಕೆಂಬ ಸೂತ್ರವನ್ನು ತರುಣನು ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದಿದ್ದನು. ಮಗುವಿಗೆ ತಿಳಿದುದೇನೆಂದು ವಿಚಾರಿಸಿರಲಿಲ್ಲ, ಅಷ್ಟೆ.

ಒಂದು ಕಾಲಕ್ಕೆ ಈ ಕಷ್ಟ ಕನ್ನಡದ ಮಕ್ಕಳದಾಗಿತ್ತು. ಮುಂಬಯಿ ಆಧಿಪತ್ಯದ ಈ ಭಾಗದಲ್ಲಿ ಶಾಲೆಯ ಮಾತು ಮರಾಠಿಯಾಗಿದ್ದಾಗ ಡೆಪ್ಯುಟಿ ಚನ್ನಬಸಪ್ಪನವರು (1833–1881) ಕನ್ನಡ ಶಾಲೆಗಳಿಗಾಗಿ ದುಡಿದರು. ರಾಯಬಾಗವಂತೂ 1949ರ ವರೆಗೆ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. 1956ರಲ್ಲಿ ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಒಲೆಯ ಮುಂದಿನ ಮಾತು ಹಾಗೆ ತಾರೀಖು ನೋಡಿ ಬದಲಾಗುವುದಿಲ್ಲ. ಚನ್ನಬಸಪ್ಪನವರ ಹೆಸರನ್ನು ಅಭಿಮಾನದಿಂದ ಹೇಳುವ ಉಪಾಧ್ಯಾಯರೇ ಇದನ್ನು ಮರೆಯುವುದು ವಿಚಿತ್ರ.

ತರುಣನು ಮರುದಿನ ಹುಣಸೆಬೀಜ ತಂದನು. ಹತ್ತು ಬೀಜಗಳ ಎರಡು ಗುಂಪುಗಳನ್ನು ಎಡಕ್ಕೂ ಬಿಡಿ ಬೀಜ ಐದನ್ನು ಬಲಕ್ಕೂ ಇಡಿಸಿ, ಎಡದಿಂದ ಬರೆಯಿಸಿದನು. ಹುಡುಗನಿಗೆ ಹತ್ತು ದಿನ ಹಿಡಿಯಿತು. ಆಮೇಲೆ ತರುಣನು ತನಗೂ ಮರಾಠಿಯ ಎಣಿಕೆ ಕಲಿಸೆಂದು ಅವನನ್ನೇ ಕೇಳಿದನು. ಇಪ್ಪತ್ತೆಂಟರ ವರೆಗೆ ಹೇಗೋ ಸಾಗಿತು. ಇಪ್ಪತ್ತೊಂಬತ್ತಕ್ಕೆ 'ಏಕೋಣತೀಸ', ಅಂದರೆ ಒಂದು ಕಡಿಮೆ ಮೂವತ್ತು. ಅಲ್ಲಿ ಮಾಸ್ತರನ ನಾಲಗೆ ತೊಡರಿತು. ಹುಡುಗನು ನಕ್ಕು, ಮತ್ತೊಮ್ಮೆ ಹೇಳಿಕೊಟ್ಟನು.