ಹೊಳೆಯ ಆಳ

ತೀರ್ಥಹಳ್ಳಿಯಿಂದ ಕೆಲವೇ ಮೈಲಿ ದೂರದಲ್ಲಿ, ತುಂಗೆಯ ದಡದ ಮೇಲಿರುವ ಹಳ್ಳಿ ನಮ್ಮದು. ಊರಿನಲ್ಲಿ ಯಾರೂ ಅದನ್ನು ತುಂಗೆ ಎನ್ನುತ್ತಿರಲಿಲ್ಲ. ‘ಹೊಳೆ’ ಎಂದರೆ ಸಾಕಿತ್ತು. ತುಂಗಾ ಎಂಬ ಹೆಸರು ಸಂಕಲ್ಪ ಹೇಳಿಸುವ ಪುರೋಹಿತರಿಗೂ ಭೂಗೋಳದ ಪುಸ್ತಕಕ್ಕೂ ಮೀಸಲು. ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟಿ, ಶೃಂಗೇರಿಯನ್ನು ಹಾದು, ಕೂಡಲಿಯಲ್ಲಿ ಭದ್ರೆಯನ್ನು ಸೇರುತ್ತದೆಂದು ನಾನೇ ಎಷ್ಟೋ ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ.

ಆದರೆ ನನಗೆ ಹೊಳೆಯ ಪಾಠ ಹೇಳಿದವರು ಸೋದರಮಾವ. ಆಗ ನನಗೆ ಏಳು ವರ್ಷ. ಎರಡು ಒಣ ಸೋರೆಬುರುಡೆಗಳನ್ನು ಹಗ್ಗದಿಂದ ಬೆನ್ನಿಗೆ ಕಟ್ಟಿ ನೀರಿಗೆ ಬಿಟ್ಟರು. ನಾಲ್ಕು ದಿನಗಳ ನಂತರ ಒಂದು ಬುರುಡೆ ಕಳಚಿತು. ಎರಡನೆಯದನ್ನು ಕಳಚಿದ್ದು ನನಗೆ ತಿಳಿಯಲೇ ಇಲ್ಲ. ಈಜುತ್ತಿದ್ದಾಗ ಹಿಂದಿನಿಂದ ಬಂದು ಮೆಲ್ಲನೆ ಗಂಟು ಬಿಚ್ಚಿದ್ದರು. ಮಡುವಿನ ನಡುವೆ ಬೆನ್ನು ತಡವಿಕೊಂಡು ನೋಡಿ, ಹೌಹಾರಿ, ಎರಡು ಗುಟುಕು ನೀರು ಕುಡಿದೆ. ಮಾವ ಬುರುಡೆಯನ್ನು ಎತ್ತಿ ಹಿಡಿದು, ‘ಕುಡಿಯೋ, ಗಂಗಾಸ್ನಾನ ತುಂಗಾಪಾನ ಅಂತ ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?’ ಎಂದು ನಗುತ್ತಿದ್ದರು.

ಈಜಿಗಿಂತ ಹೆಚ್ಚಾಗಿ ಅವರು ಕಲಿಸಿದ್ದು ಹೊಳೆಯ ತಳವನ್ನು. ಯಾವ ಬಂಡೆಯಿಂದ ಧುಮುಕಬಹುದು, ಎಲ್ಲಿ ಮೊಣಕಾಲುದ್ದ ಮರಳು, ಎಲ್ಲಿ ಸುಳಿ. ಸೆಳವಿಗೆ ಎದುರಾಗಿ ಈಜಬಾರದು, ಅದರೊಡನೆ ಸಾಗುತ್ತಾ ಅಡ್ಡಲಾಗಿ ದಡ ಹಿಡಿಯಬೇಕು. ಆಷಾಢದ ಕೆಂಪು ನೀರಿಗೆ ಮಾವನೂ ಇಳಿಯುತ್ತಿರಲಿಲ್ಲ. ಹೀಗೆ ಒಂದು ತಲೆಮಾರು ಇನ್ನೊಂದಕ್ಕೆ ಆ ತಳವನ್ನು ಒಪ್ಪಿಸುತ್ತಿತ್ತು. ಬಟ್ಟೆ ಒಗೆಯಲು ಬಂದ ಹೆಂಗಸರು ಕೆಲಸ ಮುಗಿಸಿ, ಗಂಡಸರು ಬರುವ ಮುನ್ನ ತಮ್ಮ ಹೆಣ್ಣುಮಕ್ಕಳನ್ನೂ ನೀರಿಗಿಳಿಸುತ್ತಿದ್ದರು. ನನ್ನ ಅಕ್ಕ ನನಗಿಂತ ಚೆನ್ನಾಗಿ ಈಜುತ್ತಿದ್ದಳು. ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯ ಜಾತ್ರೆಗೆ ಬಂದ ಪೇಟೆಯವರು ತೀರ್ಥಸ್ನಾನಕ್ಕೆ ಒಬ್ಬರ ಕೈ ಒಬ್ಬರು ಹಿಡಿದು ಇಳಿಯುವುದನ್ನು ಕಂಡು ನಾವು ಹುಡುಗರು ನಗುತ್ತಿದ್ದೆವು. ಆ ನಗೆ ನೆನಪಾದರೆ ಈಗ ಸಂಕೋಚವಾಗುತ್ತದೆ.

ಮುಂದೆ ಹೊಳೆಯಿಂದ ಮರಳು ತೆಗೆಯುವ ಲಾರಿಗಳು ಬಂದವು. ಯಾರ ಲಾರಿಗಳೆಂಬುದು ಊರಿಗೆಲ್ಲ ತಿಳಿದಿತ್ತು, ಯಾರೂ ಕೇಳಲಿಲ್ಲ; ನಾನೂ ಕೇಳಲಿಲ್ಲ. 1999ರ ಬೇಸಿಗೆಯಲ್ಲಿ ನನ್ನ ಏಳನೆಯ ತರಗತಿಯ ಹುಡುಗನೊಬ್ಬ ಮುಳುಗಿ ಹೋದ. ಅವನಿಗೆ ಈಜು ಬಾರದೆ ಅಲ್ಲ. ಮೊಣಕಾಲುದ್ದ ನೀರೆಂದು ಅವನ ಅಜ್ಜನಿಂದ ಕೇಳಿ ತಿಳಿದಿದ್ದ ಜಾಗದಲ್ಲಿ ಬಂಡೆಯ ಬುಡದವರೆಗೂ ಹೊಂಡ ಬಿದ್ದಿತ್ತು. ಕೈ ಹಿಡಿದು ನಡೆಸುತ್ತಿದ್ದ ಪುಟ್ಟ ತಮ್ಮನನ್ನು ದಡದತ್ತ ನೂಕಿ, ತಾನು ಮೇಲೆ ಬರಲಿಲ್ಲ.

ಶಾಲೆ ತೆರೆದ ದಿನ ಪ್ರಾರ್ಥನೆಯ ಸಾಲಿನಲ್ಲಿ ನಿಂತು, ಇನ್ನು ಯಾರೂ ಹೊಳೆಗೆ ಇಳಿಯಕೂಡದು ಎಂದು ಆಜ್ಞೆ ಮಾಡಿದೆ. ಪೋಷಕರು ಮನೆಗೇ ಬಂದು ಕೈಮುಗಿದರು. ನಾನು ಕಲಿಸಿದ ಯಾವ ಪಾಠವನ್ನೂ ಊರು ಅಷ್ಟು ನಿಷ್ಠೆಯಿಂದ ಪಾಲಿಸಿಲ್ಲ. ಹೊಳೆಯ ದಾರಿಯಲ್ಲಿ ಲಂಟಾನ ಬೆಳೆಯಿತು. ಅಂದಿನ ಮಕ್ಕಳು ಈಗ ಮಕ್ಕಳೊಂದಿಗರು. ಈಜು ಬಲ್ಲವರು ಅವರಲ್ಲಿ ಬೆರಳೆಣಿಕೆಯಷ್ಟೂ ಇಲ್ಲ. ಆಜ್ಞೆ ಮಾಡದಿದ್ದರೆ ಇನ್ನೆಷ್ಟು ಮಕ್ಕಳು ಹೋಗುತ್ತಿದ್ದರೋ ಎಂದು ಹಗಲಿನಲ್ಲಿ ಸಮಾಧಾನ ಮಾಡಿಕೊಳ್ಳುತ್ತೇನೆ. ರಾತ್ರಿ ಬೇರೆ ಪ್ರಶ್ನೆ ಏಳುತ್ತದೆ: ಹುಡುಗರನ್ನು ತಡೆದ ಬಾಯಿ ಲಾರಿಗಳನ್ನೇಕೆ ತಡೆಯಲಿಲ್ಲ?

ಕಳೆದ ವರ್ಷ ಹಳೆಯ ಶಿಷ್ಯನೊಬ್ಬನ ತಂದೆಯ ಹತ್ತನೆಯ ದಿನದ ಕಾರ್ಯಕ್ಕೆ ಹೊಳೆಗೆ ಹೋಗಿದ್ದೆ. ಅಂದು ದಡಕ್ಕೆ ನೂಕಲ್ಪಟ್ಟ ತಮ್ಮನೇ ಈತ. ಸ್ನಾನಕ್ಕೆಂದು ಪಂಚೆ ಎತ್ತಿಕಟ್ಟಿ, ಕೊನೆಯ ಮೆಟ್ಟಿಲಲ್ಲಿ ನಿಂತು, ‘ಮೇಷ್ಟ್ರೇ, ಇಲ್ಲಿ ಎಷ್ಟು ಆಳ ಇದೆ?’ ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಬಗ್ಗಿ ಊರುಗೋಲನ್ನು ನೀರಿಗೆ ಇಳಿಸಿದೆ. ಹಿಡಿಯವರೆಗೂ ಮುಳುಗಿತು, ತಳ ಸಿಗಲಿಲ್ಲ.

‘ಇಳಿಯಬೇಡ ಮಾರಾಯ. ಮೆಟ್ಟಿಲ ಮೇಲೆಯೇ ಕೂತು ಚೊಂಬಿನಲ್ಲಿ ಹೊಯ್ದುಕೋ’ ಎಂದೆ.