ಬಾಬು ಹೇಗೆ ಪಾಪು ಆದ?



ಈ ಸಲ ಕಂಪ್ಯೂಟರ್ ವಿಷಯ ಬರೆಯುತ್ತಿದ್ದೇನೆ. ಅಮ್ಮಂದಿರೂ ಅಜ್ಜಿಯರೂ ಓದುವುದನ್ನು ಬಿಡಬೇಡಿ, ಯಾಕೆಂದರೆ ಇದು ನಿಮ್ಮ ಹೆಸರಿನ ವಿಷಯವೇ.

ನಮ್ಮ ತಾಳವಾಡಿಯ ಕಥೆ ನಿಮಗೆ ಗೊತ್ತು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಮದ್ರಾಸ್ ರಾಜ್ಯದಲ್ಲೇ ಉಳಿದೆವು. ಮನೆಯಲ್ಲಿ, ಸಂತೆಯಲ್ಲಿ, ಹೊಲದಲ್ಲಿ ಕನ್ನಡ. ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೋ ಈರೋಡಿಗೋ ಹೋದರೆ ಕಾಗದಪತ್ರವೆಲ್ಲ ತಮಿಳು. ಹಾಗಾಗಿ ನಮ್ಮಲ್ಲಿ ಅನೇಕರ ಹೆಸರು ಎರಡು ಲಿಪಿಯಲ್ಲಿ ಬದುಕುತ್ತಿದೆ. ಜ್ಞಾನಸ್ನಾನದ ಪುಸ್ತಕದಲ್ಲಿ ಕನ್ನಡ, ರೇಷನ್ ಕಾರ್ಡಿನಲ್ಲಿ ತಮಿಳು.

ತೊಂದರೆ ಇರುವುದು ಇಲ್ಲೇ. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಪ, ಬ ಎರಡಕ್ಕೂ ಒಂದೇ. ತ, ದ ಕೂಡ ಹಾಗೆಯೇ. ಓದುವವರು ಸಂದರ್ಭ ನೋಡಿ ಸರಿಯಾಗಿ ಉಚ್ಚರಿಸುತ್ತಾರೆ, ತಮಿಳರಿಗೆ ಅದರಲ್ಲಿ ಯಾವ ಕಷ್ಟವೂ ಇಲ್ಲ. ಆದರೆ ಅಕ್ಷರಕ್ಕೆ ಅಕ್ಷರ ಇಟ್ಟು ಕನ್ನಡಕ್ಕೆ ತಂದರೆ ಬಾಬು 'ಪಾಪು' ಆಗುತ್ತಾನೆ, ಗೀತಾ 'ಕೀತಾ' ಆಗುತ್ತಾಳೆ. ರಾಜ್‌ಕುಮಾರ್ ಅವರ ದೊಡ್ಡಗಾಜನೂರು 'ತೊಟ್ಟಕಾಜನೂರ್' ಆಗುತ್ತದೆ. ನಗು ಬರುತ್ತದೆ ನಿಜ. ಆದರೆ ಎರಡು ಕಾಗದದಲ್ಲಿ ಹೆಸರು ಬೇರೆ ಬೇರೆ ಇದೆಯೆಂದು ಅಜ್ಜಿಯೊಬ್ಬರ ಪಿಂಚಣಿ ಅರ್ಜಿ ವಾಪಸ್ ಬಂದಾಗ ಯಾರಿಗೂ ನಗು ಬರಲಿಲ್ಲ.

ನಮ್ಮ ಯುವಜನ ಸಂಘದವರು ಅರ್ಜಿ ತುಂಬಿಸಿಕೊಡುವ ಕೆಲಸ ಮಾಡುತ್ತಾರಲ್ಲ, ಅವರಿಗೆ ಬೇಕಾಗಿದ್ದದ್ದು ಇಷ್ಟೇ: ಒಂದು ಪಟ್ಟಿಯ ಕನ್ನಡ ಹೆಸರು, ಇನ್ನೊಂದು ಪಟ್ಟಿಯ ತಮಿಳು ಹೆಸರು ಒಬ್ಬರದ್ದೇ ಇರಬಹುದೇ ಎಂದು ಅರ್ಜಿ ಹಾಕುವ ಮೊದಲೇ ತಿಳಿಯಬೇಕು. ಪಟ್ಟಿಗಳನ್ನು ನಾವು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ಇಟ್ಟಿದ್ದೆವು. ಅದು ಉಚಿತ. 1986ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ತಂಡ ಶುರುಮಾಡಿದ್ದು. ಮುಂದೆ ಬರುವವರು ತಮಗೆ ಬೇಕಾದ್ದನ್ನು ಸೇರಿಸಿಕೊಳ್ಳಲು ಜಾಗ ಇರಬೇಕು ಎಂಬುದು ಮೊದಲಿನಿಂದಲೂ ಅದರ ಗುಣ.

ಡೇಟಾಬೇಸಿನ ಮಾತು ಎಸ್‌ಕ್ಯೂಎಲ್. 'ಈ ಊರಿನವರು ಯಾರು ಯಾರು?' ಎಂದು ಕೇಳಲು ಅದು ಚೆನ್ನ. ಒಂದೊಂದೇ ಅಕ್ಷರ ಹಿಡಿದು 'ಇದು ಗ ಆದರೆ ಕ ಮಾಡು, ಕೊನೆಯ ಸ್ವರ ಬಿಡು' ಎಂದು ಹಂತ ಹಂತವಾಗಿ ಹೇಳಲು ಇನ್ನೊಂದು ಬಗೆಯ ಭಾಷೆ ಬೇಕು. ಯಾನ್ ವೀಕ್ ಎಂಬವರು ಬರೆದ, 1998ರಲ್ಲಿ ಬಂದ ಪಿಎಲ್/ಪಿಜಿಎಸ್‌ಕ್ಯೂಎಲ್ ಅದಕ್ಕೆಂದೇ ಇದೆ, ಅದರಲ್ಲೂ ಮಾಡಬಹುದಿತ್ತು. ಆದರೆ ಪ್ಲಸ್ ಟೂನಲ್ಲಿ ಕಂಪ್ಯೂಟರ್ ಸೈನ್ಸ್ ಓದಿದ ನಮ್ಮ ಹುಡುಗ ಹುಡುಗಿಯರಿಗೆ ಬರುವುದು ಪೈಥಾನ್. ನಾಳೆ ಇದನ್ನು ತಿದ್ದಬೇಕಾದವರು ಅವರೇ. ಆದ್ದರಿಂದ ಡೇಟಾಬೇಸಿಗೇ ಪೈಥಾನ್ ಸೇರಿಸುವುದೆಂದು ತೀರ್ಮಾನಿಸಿದೆವು.

'ಪಟ್ಟಿಯನ್ನು ಹೊರಗೆ ತೆಗೆದು ಲ್ಯಾಪ್‌ಟಾಪಿನಲ್ಲಿ ಪೈಥಾನ್ ಓಡಿಸಿದರೆ ಆಗದೇ?' ಎಂದು ಒಬ್ಬ ತಮ್ಮ ಕೇಳಿದ. ಆಗುತ್ತದೆ. ಆದರೆ ಮನೆಮನೆಯ ಹೆಸರು, ವಿಳಾಸ, ಫೋನ್ ನಂಬರ್ ಹತ್ತು ಪೆನ್‌ಡ್ರೈವ್‌ಗಳಲ್ಲಿ ಓಡಾಡುವುದು ನನಗೆ ಬೇಡವಾಗಿತ್ತು. ಮಾಹಿತಿ ಇದ್ದಲ್ಲೇ ಇರಲಿ, ಕೆಲಸವೇ ಅದರ ಹತ್ತಿರ ಹೋಗಲಿ.

ಹೊಸ ಭಾಷೆ ಸೇರಿಸಿದರೆ ಡೇಟಾಬೇಸ್ ಆ ಭಾಷೆಯನ್ನು ಕಲಿಯುತ್ತದೆ ಎಂದುಕೊಳ್ಳಬೇಡಿ. ಅದು ಕಲಿಯುವುದೇ ಇಲ್ಲ. ಹೊಸ ಡೇಟಾಬೇಸಿನಲ್ಲಿ 'ಪಿಜಿ ಲ್ಯಾಂಗ್ವೇಜ್' ಎಂಬ ಪಟ್ಟಿ ತೆಗೆದು ನೋಡಿದರೆ ನಾಲ್ಕೇ ಸಾಲು: ಇಂಟರ್ನಲ್, ಸಿ, ಎಸ್‌ಕ್ಯೂಎಲ್, ಪಿಎಲ್/ಪಿಜಿಎಸ್‌ಕ್ಯೂಎಲ್. ಐದನೆಯ ಸಾಲು ಸೇರಬೇಕಾದರೆ ಆ ಭಾಷೆ ಬಲ್ಲ ಒಬ್ಬ ಮಧ್ಯವರ್ತಿ ಬೇಕು. ಅವನ ಹೆಸರು ಹ್ಯಾಂಡ್ಲರ್, ಸಾಮಾನ್ಯವಾಗಿ ಸಿ ಭಾಷೆಯಲ್ಲಿ ಬರೆದ ಸಣ್ಣ ಪ್ರೋಗ್ರಾಂ. ಪೈಥಾನ್‌ನಲ್ಲಿ ಬರೆದ ಫಂಕ್ಷನ್ ಅನ್ನು ಯಾರಾದರೂ ಕರೆದರೆ ಪೋಸ್ಟ್‌ಗ್ರೆಸ್ ಆ ಬರಹವನ್ನು ತಾನು ಓದುವುದಿಲ್ಲ. ಹ್ಯಾಂಡ್ಲರ್ ಕೈಗೆ ಕೊಡುತ್ತದೆ, ಅವನು ನಡೆಸಿ ಉತ್ತರ ತಂದೊಪ್ಪಿಸುತ್ತಾನೆ. ತಮಿಳಿನಲ್ಲಿ ಬಂದ ನೋಟಿಸನ್ನು ಅಜ್ಜಿ ಮೊಮ್ಮಗನ ಕೈಗೆ ಕೊಟ್ಟು 'ಏನಂತೆ ಓದಪ್ಪ' ಅನ್ನುತ್ತಾರಲ್ಲ, ಹಾಗೆ.

ಮೊದಲು ಇದನ್ನೆಲ್ಲ ಒಂದೊಂದಾಗಿ ಜೋಡಿಸಬೇಕಿತ್ತು. 2011ರಲ್ಲಿ ಬಂದ 9.1ನೇ ಆವೃತ್ತಿಯಿಂದ ಸುಲಭ. ಪೈಥಾನ್ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ, ಡೇಟಾಬೇಸಿನೊಳಗೆ 'ಕ್ರಿಯೇಟ್ ಎಕ್ಸ್‌ಟೆನ್ಷನ್ ಪಿಎಲ್‌ಪೈಥಾನ್3ಯು' ಎಂದು ಒಂದು ಸಾಲು ಬರೆದರೆ ಮುಗಿಯಿತು. ಯಾವ ಡೇಟಾಬೇಸಿನಲ್ಲಿ ಬರೆದಿರೋ ಅದಕ್ಕೆ ಮಾತ್ರ ಸೇರುತ್ತದೆ, ಪಕ್ಕದ್ದಕ್ಕೆ ಇಲ್ಲ.

ಕೊನೆಯಲ್ಲಿರುವ ಆ 'ಯು' ಅಕ್ಷರ ಗಮನಿಸಿ. ನಂಬಿಕೆಯಿಂದ ಎಲ್ಲರ ಕೈಗೂ ಬಿಡುವಂಥದ್ದಲ್ಲ ಎಂದು ಅದರ ಅರ್ಥ. ಪೈಥಾನ್ ಕೆಟ್ಟದ್ದು ಅಂತಲ್ಲ. ಅದಕ್ಕೆ ಕಂಪ್ಯೂಟರಿನ ಯಾವ ಫೈಲನ್ನಾದರೂ ತೆರೆಯುವ, ಇಂಟರ್ನೆಟ್ಟಿಗೂ ಹೋಗುವ ಶಕ್ತಿ ಇದೆ, ಅದನ್ನು ಕಟ್ಟಿಹಾಕಲು ಬಾರದು. ಆದ್ದರಿಂದ ಅದರಲ್ಲಿ ಹೊಸ ಫಂಕ್ಷನ್ ಬರೆಯುವ ಹಕ್ಕು ಸೂಪರ್‌ಯೂಸರ್‌ಗೆ ಮಾತ್ರ. ಬರೆದದ್ದನ್ನು ಬಳಸುವ ಹಕ್ಕನ್ನು ಉಳಿದವರಿಗೂ ಕೊಡಬಹುದು. ನಾವೂ ಹಾಗೇ ಮಾಡಿದೆವು. ಯಾರೇ ತಿದ್ದಲಿ, ಇಬ್ಬರು ಓದಿ ನೋಡಿದ ಮೇಲೆಯೇ ಒಳಗೆ ಸೇರಿಸುವುದು.

ನಮ್ಮ ಫಂಕ್ಷನ್ ಮಾಡುವುದು ಸಣ್ಣ ಕೆಲಸ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ತಮಿಳಿನ ಕ 2965, ಕನ್ನಡದ ಕ 3221. ವ್ಯತ್ಯಾಸ 256. ತಮಿಳಿನ ಪ, ತ, ಮಗಳಿಗೂ 256 ಕೂಡಿಸಿ ನೋಡಿ, ಕನ್ನಡದ ಅದೇ ಅಕ್ಷರ ಸಿಗುತ್ತದೆ! ಭಾರತದ ಲಿಪಿಗಳನ್ನು ಒಂದೇ ಕ್ರಮದಲ್ಲಿ ಜೋಡಿಸಿದ್ದರ ಫಲ ಇದು. ಕೆಲವು ಕಡೆ ಲೆಕ್ಕ ತಪ್ಪುತ್ತದೆ. 'ಜಾನ್' ಎಂಬ ಹೆಸರಿನ ಕೊನೆಯಲ್ಲಿ ಬರುವ ತಮಿಳಿನ ಎರಡನೆಯ ನಕಾರಕ್ಕೆ ಕನ್ನಡದಲ್ಲಿ ಜಾಗ ಖಾಲಿ, ಅದನ್ನು ನಾವೇ 'ನ' ಮಾಡಬೇಕು. ಆಮೇಲೆ ಕನ್ನಡ ಹೆಸರಿನಲ್ಲಿ ಗ ಇದ್ದರೆ ಕ, ಬ ಇದ್ದರೆ ಪ, ದ ಇದ್ದರೆ ತ ಮಾಡಿ, ಎರಡೂ ಕಡೆ ಕೊನೆಯ ಸ್ವರ ಬಿಟ್ಟರೆ ಎರಡು ಹೆಸರೂ ಒಂದೇ ರೂಪಕ್ಕೆ ಬರುತ್ತವೆ. ಬಾಬುವೂ ಪಾಪುವೂ 'ಪಾಪ್' ಆಗಿ ಅಕ್ಕಪಕ್ಕ ನಿಲ್ಲುತ್ತಾರೆ.

ಆದರೆ ಈ ಲೆಕ್ಕದಲ್ಲಿ ದೇವ, ದೇವಿ ಇಬ್ಬರೂ 'ತೇವ್' ಆಗುತ್ತಾರೆ. ಹಾಗಾಗಿ ಫಂಕ್ಷನ್ ಕೊಡುವುದು ತೀರ್ಪಲ್ಲ, 'ಇವರಿಬ್ಬರೂ ಒಬ್ಬರೇ ಇರಬಹುದು, ವಿಚಾರಿಸಿ' ಎಂಬ ಪಟ್ಟಿ. ವಿಚಾರಿಸುವವರು ನಾವು. ಮನೆಗೆ ಹೋಗಿ ಕೂತು 'ಅಜ್ಜಿ, ನಿಮ್ಮ ಕಾರ್ಡ್ ತೋರಿಸಿ' ಎಂದು ಕೇಳಬೇಕು. ಕೆಲವರಿಗೆ ತಮ್ಮ ಹೆಸರು ಇನ್ನೊಂದು ಕಾಗದದಲ್ಲಿ ಹೇಗಿದೆ ಎಂದು ತಿಳಿಯುವುದೇ ಆಗ. ತಿದ್ದುಪಡಿಗೆ ಮೊದಲೇ ಅರ್ಜಿ ಕೊಟ್ಟರೆ ಪಿಂಚಣಿಗೆ ಬೆಟ್ಟ ಇಳಿದು ಹತ್ತುವ ಅಲೆದಾಟ ಕಡಿಮೆ.

ಇನ್ನೂ ಕೆಲಸ ಬಾಕಿ ಇದೆ. ತಮಿಳಿನ ಚಕಾರ ನಮ್ಮ ಸಕಾರವೂ ಆಗುತ್ತದೆ, ಸರಸು ಅಕ್ಕನ ಹೆಸರು ಈಗಲೂ 'ಚರಚು' ಆಗಿಯೇ ಸಿಕ್ಕಿಬಿದ್ದಿದೆ. ಪೈಥಾನ್ ಬಲ್ಲವರು ಯಾರಿದ್ದೀರಿ? ಭಾನುವಾರ ಪೂಜೆ ಮುಗಿದ ಮೇಲೆ ಬನ್ನಿ, ಆ ನಾಲ್ಕು ಸಾಲು ನೀವೇ ಬರೆಯಿರಿ. ಪೈಥಾನ್ ಬಾರದವರೂ ಬನ್ನಿ. ಮನೆಗಳಿಗೆ ಹೋಗಿ ಕೇಳಲು ಕನ್ನಡ, ತಮಿಳು ಎರಡೂ ಓದಬಲ್ಲವರು ಬೇಕಾಗಿದ್ದಾರೆ.