ಮಾರಿಕುಪ್ಪಂನಿಂದ ಲಂಡನ್ನಿಗೆ

ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ಗೂ ಲಂಡನ್ ನಗರಕ್ಕೂ ನಡುವಿನ ನೇರ ದೂರ ಸುಮಾರು 8,080 ಕಿಲೋಮೀಟರ್. ಭೂಗೋಳದ ಮೇಲೆ ದಾರ ಬಿಗಿದು ಅಳೆದಂಥ ಲೆಕ್ಕ ಇದು. ಆ ದಾರದ ಗುಂಟ ಸಾಗಿದವರು ಯಾರೂ ಇಲ್ಲ. ಆದರೂ ಈ ದೂರ ಕೆಜಿಎಫ್‌ಗೆ ಮುಖ್ಯವಾಗಿತ್ತು. 1880ರಲ್ಲಿ ಇಲ್ಲಿಗೆ ಕಾಲಿಟ್ಟ ಜಾನ್ ಟೇಲರ್ ಅಂಡ್ ಸನ್ಸ್ ಲಂಡನ್ನಿನ ಸಂಸ್ಥೆ. ಯಂತ್ರಗಳೂ ಕಾರ್ನ್‌ವಾಲ್ ಕಡೆಯ ಗಣಿ ತಜ್ಞರೂ ಸಮುದ್ರ ದಾಟಿಯೇ ಬರಬೇಕಿತ್ತು.

ಲಂಡನ್ನಿನಿಂದ ಮುಂಬಯಿಗೆ ಆಫ್ರಿಕದ ತುದಿ ಬಳಸಿ ಬಂದರೆ ಹತ್ತಿರಹತ್ತಿರ 20,000 ಕಿಲೋಮೀಟರ್. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಅದು 11,600ರ ಆಸುಪಾಸಿಗೆ ಇಳಿಯಿತು. ಉಗಿಹಡಗು ಮೂರು ನಾಲ್ಕು ವಾರಗಳಲ್ಲಿ ತಲುಪುತ್ತಿತ್ತು. ಕಾಲುವೆ ಇಲ್ಲದಿದ್ದರೆ ಲಂಡನ್ನಿನಲ್ಲಿ ಕೂತು ಕೋಲಾರದ ಗಣಿ ನಡೆಸುವುದು ಬಲು ಕಷ್ಟವಾಗುತ್ತಿತ್ತು. ಬಂದರಿನಿಂದ ಈಚೆಗೆ ರೈಲು. ಇಂದಿನ ಬಂಗಾರಪೇಟೆಗೆ, ಆಗಿನ ಬೌರಿಂಗ್‌ಪೇಟೆಗೆ, 1864ರ ಹೊತ್ತಿಗೇ ಹಳಿ ಬಂದಿತ್ತು. ಗಣಿಯ ತನಕದ ಕವಲು ಹಳಿ ಬಂದದ್ದು 1894ರಲ್ಲಿ; ಅಲ್ಲಿಯವರೆಗೆ ಕೊನೆಯ ಹತ್ತು ಹದಿನೈದು ಕಿಲೋಮೀಟರ್ ಎತ್ತಿನ ಗಾಡಿಯ ಪಾಲು.

ಆಕಾಶದ ದಾರಿ ತೆರೆದದ್ದು ಹಂತಹಂತವಾಗಿ. 1929ರಲ್ಲಿ ಲಂಡನ್–ಕರಾಚಿ ವಿಮಾನ ಶುರುವಾಯಿತು, ಪ್ರಯಾಣ ಒಂದು ವಾರ. 1932ರ ಅಕ್ಟೋಬರ್‌ನಲ್ಲಿ ಟಾಟಾ ಅವರ ಅಂಚೆ ವಿಮಾನ ಕರಾಚಿಯಿಂದ ಮುಂಬಯಿ, ಬಳ್ಳಾರಿಗಳ ಮೂಲಕ ಮದರಾಸಿಗೆ ಹಾರಿತು. 1948ರ ಜೂನ್‌ನಲ್ಲಿ ಏರ್ ಇಂಡಿಯಾ ಕೈರೊ, ಜಿನೀವಾಗಳಲ್ಲಿ ಇಳಿಯುತ್ತ ಮುಂಬಯಿಯಿಂದ ಲಂಡನ್ ಮುಟ್ಟಿತು.

ಈಗ ಕೆಜಿಎಫ್‌ನವರ ವಿಮಾನ ನಿಲ್ದಾಣ ದೇವನಹಳ್ಳಿ. ಅದು ತೆರೆದದ್ದು 2008ರಲ್ಲಿ. ಅಲ್ಲಿಂದ ಲಂಡನ್ನಿಗೆ ನೇರ ವಿಮಾನಕ್ಕೆ ಹತ್ತು ಹನ್ನೊಂದು ಗಂಟೆ ಬೇಕು. ಮೇಲೆ ಬೀಸುವ ಗಾಳಿ ಪಶ್ಚಿಮದಿಂದ ಪೂರ್ವಕ್ಕಾದ್ದರಿಂದ ಹೋಗುವಾಗ ಎದುರುಗಾಳಿ, ಬರುವಾಗ ಅದೇ ಗಾಳಿಯ ನೂಕು. ಹಾಗಾಗಿ ಬರುವ ಪ್ರಯಾಣ ಸಾಮಾನ್ಯವಾಗಿ ಚಿಕ್ಕದು. ಚಳಿಗಾಲದಲ್ಲಿ ಲಂಡನ್ನಿನ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಬೆಳಗ್ಗೆ 7ಕ್ಕೆ ಹೊರಟು ಹತ್ತೂವರೆ ಗಂಟೆ ಹಾರಿದರೂ ಇಳಿಯುವಾಗ ಅಲ್ಲಿ ನಡುಮಧ್ಯಾಹ್ನ 12.

ಟಿಕೆಟ್ಟಿನಲ್ಲಿ ಕಾಣದ ಹೊತ್ತು ಬೇರೆಯೇ ಇದೆ. ಕೆಜಿಎಫ್‌ನಿಂದ ದೇವನಹಳ್ಳಿಗೆ ರಸ್ತೆಯಲ್ಲಿ ಸುಮಾರು 100 ಕಿಲೋಮೀಟರ್. ಎರಡು ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ತಪಾಸಣೆಗೆ ಮೂರು ಗಂಟೆ ಮೊದಲೇ ಅಲ್ಲಿರಬೇಕು. ಅಂದರೆ ವಿಮಾನ ಏಳುವ ಮುನ್ನವೇ, ಹಾರಾಟದ ಅರ್ಧದಷ್ಟು ಹೊತ್ತು ಕಳೆದಿರುತ್ತದೆ. ರೈಲಿನಲ್ಲಾದರೆ ಇನ್ನೂ ನಿಧಾನ. ಕೆಜಿಎಫ್‌ನ ಮಾರಿಕುಪ್ಪಂ ನಿಲ್ದಾಣ ಬಿಟ್ಟ ಗಾಡಿ ಚಾಂಪಿಯನ್, ಊರಿಗಾಂ, ಕೋರಮಂಡಲ್ ಎಂದು ನಿಂತು ನಿಂತು 16 ಕಿಲೋಮೀಟರ್ ಸಾಗಿ ಬಂಗಾರಪೇಟೆ ಸೇರಬೇಕು. ಅಲ್ಲಿಂದ ಬೆಂಗಳೂರಿಗೆ ಇನ್ನೂ 70. ಆಮೇಲೆ ದೇವನಹಳ್ಳಿಯ ಬಸ್ಸು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಈ ರೈಲೇ ಕೆಜಿಎಫ್‌ನ ಸಾವಿರಾರು ಮನೆಗಳ ಅನ್ನದ ದಾರಿ. ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಎಂದರೂ ಬೆಂಗಳೂರಿನ ಕೆಲಸಕ್ಕೆ ಮೂರು ದಿನ ಹೋಗಿ ಬಂದವರು ಬೋಗಿಯಲ್ಲಿ ಕಳೆಯುವ ಹೊತ್ತು ಲಂಡನ್ ವಿಮಾನದ ಹೊತ್ತಿಗಿಂತ ಹೆಚ್ಚು.